ಹವಾ

ಅಂಗಡ್ಯಾಗ ನಾ ಇದಕ ಹವಾ ಅಂತೀನಿ.
ಹುಮನಾಬಾದ ಬೇಸಿನ ಹತ್ರ, ಬೇವಿನ ಗಿಡದ ಬುಡಕ,
ಹಳೇ ಟೈರಿನ ಮ್ಯಾಲ ಸುಣ್ಣದಾಗ ಬರದೀನಿ:
ಹವಾ. ಪಂಕ್ಚರ್. ಉದ್ರಿ ಇಲ್ಲ.

ನಮ್ಮವ್ವ ಇದಕ ಗಾಳಿ ಅಂದಳು.
ಮಹಾನಂದಾ ಬಾಣಂತನ ಮುಗಿಸಿ ಬಂದ ವರ್ಷ
ಒಲಿ ಮುಂದ ಕುಂತಾಕಿ ಕುಂತಂಗೇ ಉಳದಾಗ
ಗಾಳಿ ಬಡದದ ಅಂತ
ಲಿಂಬಿಹಣ್ಣು ಕೊಯ್ದಳು, ಬೇವಿನ ತಪ್ಪಲ ಬೀಸಿದಳು,
ದರ್ಗಾಕ ಒಯ್ದು ನವಿಲುಗರಿ ಬಡಸಿದಳು.

ದವಾಖಾನ್ಯಾಗ ಇದಕ ಆಕ್ಸಿಜನ್ ಅಂತಾರ.
ಒಂದು ಸರ್ತಿಗಿ ಮೂರು ಸಾವಿರ.

ಹನ್ನೊಂದು ವರ್ಷ. ಮಗಳು ಐದನೇತ್ತಕ ಬಂದಳು.
ಬಿಳೇ ಗುಳಿಗಿ, ಹಳದಿ ಗುಳಿಗಿ, ಅರ್ಧ ಮುರದ ಗುಲಾಬಿ ಗುಳಿಗಿ,
ಹೈದರಾಬಾದಿನಾಗ ಎಂಟು ಸಲ ಕರೆಂಟು.
ಒಂದು ತಿಂಗಳು ನಕ್ಕಳು. ಮತ್ತ ಇಳೀತು.
ಸಣ್ಣ ತೂತಿನ ಟ್ಯೂಬು ಹಂಗೇ,
ರಾತ್ರಿ ಕಲ್ಲಿನಂಗ ಗಟ್ಟಿ, ಮುಂಜಾನಿ ನೆಲಕ ಹತ್ತಿರತದ.
ನೀರಾಗ ಅದ್ದಿ ನೋಡಬೇಕು ಅಂದ್ರ
ಮನುಷ್ಯಾರನ್ನ ಎಲ್ಲಿ ಅದ್ದಲಿ,
ಗುಳ್ಳಿ ಎಲ್ಲಿಂದ ಏಳತಾವ?

ಸೇಡಂ ರೋಡಿನಾಗ ಅದ ಆ ಗಾಜಿನ ಕೊಳವಿ,
ಒಬ್ಬರು ಮಲಗೋ ಅಷ್ಟು ಉದ್ದ,
ಸಕ್ಕರಿ ರೋಗದವರ ಕಾಲಿನ ಹುಣ್ಣಿಗಿ ತಂದದ್ದು.
ಪರ್ವೀನ್ ಮೇಡಂ ಮುಚ್ಚುಮರಿ ಮಾಡಲಿಲ್ಲ:
ಗಾಯಕ್ಕ ಇದು ಗೊತ್ತದ, ಮನಸಿಗಿ ಇನ್ನಾ ಗೊತ್ತಿಲ್ಲ,
ಕೆಲವ್ರಿಗಿ ಆಗ್ಯಾದ ಅಂತಾರ, ನಾ ಮಾತು ಕೊಡಂಗಿಲ್ಲ.
ಹಳೇ ಟ್ಯೂಬಿಗಿ ನಾನೂ ಯಾರಿಗೂ ಗ್ಯಾರಂಟಿ ಕೊಟ್ಟವ ಅಲ್ಲ.
ಎರಡರಾಗ ಒಂದು ಕಂಪ್ರೆಸರ್ ಮಾರಿದೆ.
ಹವಾ ಮಾರಿ ಹವಾ ಕೊಂಡೆ.

ತಾಳಿ ತಗೀರಿ, ಕಾಲುಂಗರ ತಗೀರಿ, ನೈಲಾನ್ ಸೀರಿ ಬ್ಯಾಡ.
ತಲಿಗಿ ಎಣ್ಣಿ ಹಚ್ಚೀರೇನು? ಎಣ್ಣಿ ಇದ್ರ ಬೆಂಕಿ ಹತ್ತತದ, ಅಂದ್ಲು ನರ್ಸು.
ಆರು ವರ್ಷದಿಂದ ಹಚ್ಚಿಲ್ರಿ, ಅಂದೆ.

ಬಾಗಲ ಬಿತ್ತು. ಮುಳ್ಳು ಏರತು.
ಒಂದು. ಒಂದೂವರಿ. ಎರಡು.
ಲಾರಿ ಟೈರಿಗಿ ಇದು ಏನೂ ಅಲ್ಲ.
ಖರೇ, ಟೈರು ಸಿಡದು ಶಹಾಬಾದಿನ ಹುಡುಗನ ಮುಖ ಹೋದದ್ದು
ಕಣ್ಣಾರೆ ನೋಡಿದವ ನಾ,
ಒಂಬತ್ತು ದಿನ ಮುಳ್ಳಿನ ಮ್ಯಾಲಿಂದ ಕಣ್ಣು ತಗೀಲಿಲ್ಲ.
ಕಿವಿ ಕಟ್ಟಿದ್ರ ಉಗುಳು ನುಂಗ್ರಿ, ಅಂತ ನರ್ಸು ಫೋನಿನಾಗ.
ಹತ್ತನೇ ದಿನ ಆಕಿ ಕಡಿ ನೋಡಿದೆ.
ಗಂಟಲು ಏರತು, ಇಳೀತು.
ನುಂಗೋದು ಆಕಿಗಿ ಯಾರೂ ಕಲಿಸಬೇಕಾಗಿರಲಿಲ್ಲ.

ಬಾಜೂ ಬೆಂಚಿನಾಗ ಜೇವರ್ಗಿ ಮುದುಕ,
ಕಾಲಿಗಿ ಬಟ್ಟಿ ಸುತ್ತಕೊಂಡು ಪಾಳಿ ಕಾಯತಾನ.
ನಿಮ್ಮಾಕಿಗಿ ಹುಣ್ಣು ಎಲ್ಲದ? ಅಂದ.
ಕೈ ಎದಿಗಿ ಒಯ್ದೆ, ಹಣಿಗಿ ಒಯ್ದೆ,
ಆಮ್ಯಾಲ ಬೀಡಿ ಹುಡುಕವ್ರಂಗ ಕಿಸೆದಾಗ ಇಟ್ಟೆ.

ಇಪ್ಪತ್ತಮೂರನೇ ದಿನ.
ಮಧ್ಯಾಹ್ನ ಎರಡು ಗಂಟಿ, ಡಾಂಬರು ಚಪ್ಪಲಿಗಿ ಹತ್ತೋ ಬಿಸಿಲು.
ಸ್ಕೂಟರಿನ ಹಿಂದ ಕುಂತಾಕಿ
ಬೆನ್ನಿಗಿ ಒಂದು ಬಟ್ಟು ಚುಚ್ಚಿದಳು.

ಹಿಂದಿನ ಗಾಲ್ಯಾಗ ಹವಾ ಇಲ್ಲ.

ನಿಂದ್ರಿಸಿ, ಹೆಬ್ಬಟ್ಟು ಒತ್ತಿ ನೋಡಿದೆ. ಖರೇನೇ ಇರಲಿಲ್ಲ.
ಇಪ್ಪತ್ತು ವರ್ಷ ಊರ ಗಾಡಿಗೆಲ್ಲಾ ಹವಾ ಹಾಕಿದವ
ನನ್ನ ಗಾಡಿ ನೋಡಿರಲಿಲ್ಲ.
ಆಕ್ಸಿಜನ್ನೋ, ಹಳೇ ಗುಳಿಗ್ಯೋ,
ರಿಂಗ್ ರೋಡಿನ ಗುಂಡಿ ಎತ್ತಿ ಕುಕ್ಕಿದ್ದೋ,
ಮೇಡಂಗ ಕೇಳಲಿಲ್ಲ.

ನಾ ತಳ್ಳಿದೆ. ಸೀಟಿನ ಮ್ಯಾಲ ಒಂದು ಕೈ ಇಟ್ಟು
ಆಕಿ ಬಾಜೂ ನಡದಳು.
ಗುರ್ತಿಲ್ಲದ ಹುಡುಗನ ಅಂಗಡಿ ಮುಂದ
ಐದು ರೂಪಾಯಿ ಹಿಡಕೊಂಡು ಗಿರಾಕಿಯಂಗ ನಿಂತೆ.
ಮುಳ್ಳು ಏರೋದು ಇಬ್ರೂ ನೋಡಿದಿವಿ.

ಮರುದಿನ ಮತ್ತ ಮಾತಿಲ್ಲ.
ಇನ್ನಾ ಹದಿನಾರು ಉಳದಾವ.